ಟೇಪಿನ ವಂಶಾವಳಿ: ಗ್ರೇಟ್‌ಫುಲ್ ಡೆಡ್ ಅಭಿಮಾನಿಗಳ ಮಾತು ಅರ್ಥವಾಗಬೇಕಾದರೆ

‘5/8/77ರದು ಎಸ್‌ಬಿಡಿ ಇದೆಯಾ? ಎಷ್ಟನೇ ತಲೆಮಾರಿನದು? ಡಾಲ್ಬಿ ಸರಿಯಾಗಿ ಬಿಡಿಸಿದ್ದಾರಾ?’ ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಅಭಿಮಾನಿಗಳ ನಡುವೆ ಹೊಸದಾಗಿ ಬಂದು ಕೂತವರ ಕಿವಿಗೆ ಮೊದಲು ಬೀಳುವುದು ಇಂಥ ಮಾತು. ಹಾಡಿನ ಹೆಸರಿಲ್ಲ, ಗಿಟಾರಿನ ಸುದ್ದಿಯಿಲ್ಲ. ಬರೀ ತಾರೀಖು, ಮೂರಕ್ಷರದ ಸಂಕೇತಗಳು, ಅವುಗಳ ನಡುವೆ ಬಾಣದ ಗುರುತುಗಳು. ಇದು ಗೀಳಿನವರ ಗುಟ್ಟುಭಾಷೆಯಂತೆ ಕಂಡರೂ, ಪ್ರತಿಯೊಂದು ಸಂಕೇತದ ಹಿಂದೆ ಕಿವಿಗೆ ನೇರವಾಗಿ ಕೇಳಿಸುವ ಒಂದು ಕಾರಣ ಇದೆ. ಅದು ತಿಳಿದರೆ ಒಂದೇ ರಾತ್ರಿಯ ಹತ್ತು ರೆಕಾರ್ಡಿಂಗುಗಳಲ್ಲಿ ಯಾವುದನ್ನು ಮೊದಲು ಕೇಳಬೇಕು ಎಂಬುದನ್ನು ನೀವೇ ತೀರ್ಮಾನಿಸಬಹುದು.

ಮೊದಲಿಗೆ, ಟೇಪಿನ ಗುಣದ ಬಗ್ಗೆ ಈ ಹಟ ಈ ಬ್ಯಾಂಡಿನ ಸುತ್ತಲೇ ಇಷ್ಟು ದಟ್ಟವಾಗಿ ಬೆಳೆದದ್ದು ಯಾಕೆ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1965ರಲ್ಲಿ ಶುರುವಾದ ಈ ಬ್ಯಾಂಡು 1995ರಲ್ಲಿ ಅದರ ಗಿಟಾರ್ ವಾದಕ, ಹಾಡುಗಾರ ಜೆರ್ರಿ ಗಾರ್ಸಿಯಾ ತೀರಿಕೊಳ್ಳುವವರೆಗೆ 2,300ಕ್ಕೂ ಹೆಚ್ಚು ಕಛೇರಿ ನಡೆಸಿತು. ಹಾಡುಗಳ ಪಟ್ಟಿ ಒಂದು ರಾತ್ರಿಯಂತೆ ಇನ್ನೊಂದು ರಾತ್ರಿ ಇರುತ್ತಿರಲಿಲ್ಲ. ಒಂದೇ ಹಾಡು ಒಂದು ದಿನ ಏಳು ನಿಮಿಷ, ಇನ್ನೊಂದು ದಿನ ಇಪ್ಪತ್ತೈದು ನಿಮಿಷ. ಹಾಗಾಗಿ ಸ್ಟುಡಿಯೊ ಆಲ್ಬಮ್ಮುಗಳು ಇವರ ಸಂಗೀತದ ಒಂದು ಮೂಲೆಯಷ್ಟೇ. ಉಳಿದದ್ದೆಲ್ಲ ಇರುವುದು ಆ ರಾತ್ರಿಗಳ ಟೇಪುಗಳಲ್ಲಿ. ಟೇಪು ಹಾಳಾದರೆ ಆ ರಾತ್ರಿಯ ಸಂಗೀತವೂ ಅಷ್ಟರಮಟ್ಟಿಗೆ ಹಾಳಾದಂತೆ. ಅಭಿಮಾನಿಗಳ ಹಟಕ್ಕೆ ಮೂಲ ಇಲ್ಲಿದೆ.

ತಾರೀಖಿನ ಬಗ್ಗೆ ಒಂದು ಮಾತು. ಅಮೆರಿಕದ ರೂಢಿಯಂತೆ ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ. 5/8/77 ಎಂದರೆ 1977ರ ಮೇ 8; ಆಗಸ್ಟ್ 5 ಅಲ್ಲ. ಆ ರಾತ್ರಿ ಬ್ಯಾಂಡು ನುಡಿಸಿದ್ದು ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿಕೊಂಡ ರೆಕಾರ್ಡಿಂಗ್ ಅದು. ಅಧಿಕೃತವಾಗಿ ಆಲ್ಬಮ್ ಆಗಿ ಹೊರಬಂದದ್ದು 2017ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ ಅಭಿಮಾನಿಗಳೆಲ್ಲ ಅದನ್ನು ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು.

ಎಸ್‌ಬಿಡಿ ಮತ್ತು ಎಯುಡಿ

ಎಸ್‌ಬಿಡಿ ಎಂದರೆ ಸೌಂಡ್‌ಬೋರ್ಡ್: ವೇದಿಕೆಯ ಮೈಕುಗಳ ಧ್ವನಿಯನ್ನು ಬೆರೆಸುವ ಮಿಕ್ಸರಿನಿಂದಲೇ ತಂತಿ ಎಳೆದು ಟೇಪು ಮಾಡಿದ್ದು. ಎಯುಡಿ ಎಂದರೆ ಆಡಿಯನ್ಸ್: ಪ್ರೇಕ್ಷಕರ ನಡುವೆ ಮೈಕು ನಿಲ್ಲಿಸಿ ಹಿಡಿದದ್ದು. ಮೊದಲನೆಯದೇ ಮೇಲು, ಎರಡನೆಯದು ಗತಿಯಿಲ್ಲದವರಿಗೆ ಎಂದು ಹೊಸಬರು ನಂಬುತ್ತಾರೆ. ಇದು ಅರ್ಧ ಮಾತ್ರ ನಿಜ.

ಮಿಕ್ಸರು ಇರುವುದು ಸಭಾಂಗಣದ ಸ್ಪೀಕರುಗಳಿಗೆ ಧ್ವನಿ ಕಳಿಸುವುದಕ್ಕೆ, ಟೇಪು ಮಾಡುವುದಕ್ಕಲ್ಲ. ಚಿಕ್ಕ ಹಾಲ್‌ನಲ್ಲಿ ಗಿಟಾರಿನ ಆಂಪ್ಲಿಫೈಯರು, ಡ್ರಮ್ಮು ತಾವಾಗಿಯೇ ಜೋರು. ಸ್ಪೀಕರಿನ ಸಹಾಯ ಬೇಕಾಗುವುದು ಹಾಡುವ ಕಂಠಕ್ಕೆ. ಆದ್ದರಿಂದ ಮಿಕ್ಸರಿನಲ್ಲಿ ಕಂಠವನ್ನು ಏರಿಸಿ ಗಿಟಾರನ್ನು ಇಳಿಸಿರುತ್ತಾರೆ. ಆ ತಂತಿಯಿಂದ ಬಂದ ಟೇಪಿನಲ್ಲಿ ಹಾಡುಗಾರ ಕಿವಿಯ ಪಕ್ಕದಲ್ಲೇ ನಿಂತಂತಿರುತ್ತಾನೆ, ಗಿಟಾರು ಆಚೆ ಮನೆಯಿಂದ ಕೇಳಿಸುತ್ತದೆ, ಡ್ರಮ್ಮಿನಲ್ಲಿ ತೂಕವೇ ಇರುವುದಿಲ್ಲ. ಹತ್ತಿಪ್ಪತ್ತು ಸಾವಿರ ಜನರ ದೊಡ್ಡ ಅಂಗಣದಲ್ಲಿ ಎಲ್ಲ ವಾದ್ಯವೂ ಸ್ಪೀಕರಿನಿಂದಲೇ ಬರಬೇಕು; ಅಲ್ಲಿ ಮಿಕ್ಸರಿನ ಟೇಪು ಹೆಚ್ಚು ಸಮತೂಕದಲ್ಲಿರುತ್ತದೆ. ‘ಎಸ್‌ಬಿಡಿ’ ಎಂದು ಕಂಡ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ: ಹಾಲ್ ಎಷ್ಟು ದೊಡ್ಡದಿತ್ತು?

1974ರ ಟೇಪುಗಳದ್ದು ಬೇರೆಯೇ ಕಥೆ. ಆ ವರ್ಷ ಬ್ಯಾಂಡು ‘ವಾಲ್ ಆಫ್ ಸೌಂಡ್’ ಎಂಬ ಸ್ಪೀಕರುಗಳ ಗೋಡೆಯನ್ನು ತನ್ನ ಬೆನ್ನ ಹಿಂದೆಯೇ ಕಟ್ಟಿಕೊಂಡು ನುಡಿಸಿತು. ಪ್ರತಿ ವಾದ್ಯಕ್ಕೂ ಅದರದೇ ಸ್ಪೀಕರುಗಳ ಸಾಲು. ಬೆನ್ನ ಹಿಂದಿನ ಸ್ಪೀಕರಿನ ಸದ್ದು ಕಂಠದ ಮೈಕಿಗೆ ಹೊಕ್ಕು ಕೂಗು ಹುಟ್ಟಬಾರದೆಂದು ಒಬ್ಬೊಬ್ಬ ಹಾಡುಗಾರನಿಗೂ ಜೋಡಿ ಮೈಕು ಕೊಟ್ಟು, ಒಂದರ ಧ್ರುವ ತಿರುಗಿಸಿ ಜೋಡಿಸಿದ್ದರು. ಎರಡಕ್ಕೂ ಸಮನಾಗಿ ಬಿದ್ದ ಸದ್ದು ಕಳೆದುಹೋಗುತ್ತದೆ. ಒಂದೇ ಮೈಕಿಗೆ ಬಾಯಿ ಹಚ್ಚಿ ಹಾಡಿದ್ದು ಮಾತ್ರ ಉಳಿಯುತ್ತದೆ. ಉಪಾಯ ಕೆಲಸ ಮಾಡಿತು, ಆದರೆ ಹಾಡುಗಾರ ಸ್ವಲ್ಪ ಹಿಂದೆ ಸರಿದರೂ ಕಂಠ ತೆಳುವಾಗುತ್ತಿತ್ತು. ಆ ವರ್ಷದ ಟೇಪಿನಲ್ಲಿ ಕಂಠ ಸೊರಗಿದ್ದರೆ ಅದನ್ನು ನಕಲು ಮಾಡಿದವರ ತಲೆಗೆ ಕಟ್ಟಬೇಡಿ.

ಇದಕ್ಕೆಲ್ಲ ಹೊರತಾಗಿ ನಿಲ್ಲುವುದು ‘ಬೆಟ್ಟಿ ಬೋರ್ಡ್’. ಬ್ಯಾಂಡಿನ ರೆಕಾರ್ಡಿಂಗ್ ಎಂಜಿನಿಯರ್ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಸಭಾಂಗಣದ ಮಿಕ್ಸನ್ನು ಹಾಗೇ ಹಿಡಿಯದೆ, ವೇದಿಕೆಯ ಮೈಕುಗಳಿಂದ ಬೇರೆ ಕವಲು ಎಳೆದುಕೊಂಡು ಟೇಪಿಗೆಂದೇ ಪ್ರತ್ಯೇಕ ಮಿಕ್ಸ್ ಮಾಡುತ್ತಿದ್ದರು. 1977ರ ಆ ಟೇಪುಗಳಲ್ಲಿ ಗಿಟಾರುಗಳು ಎಡಬಲದಲ್ಲಿ ಬಿಡಿಬಿಡಿಯಾಗಿ ನಿಲ್ಲುವುದು, ಬೇಸ್ ಒಂದೊಂದು ಸ್ವರವೂ ಗುಂಡಗೆ ಕೇಳುವುದು ಇದರಿಂದಲೇ. 1980ರ ದಶಕದಲ್ಲಿ ಅವರ ಗೋದಾಮಿನ ಬಾಡಿಗೆ ಬಾಕಿ ಬಿದ್ದು ಟೇಪುಗಳು ಹರಾಜಾದವು. ಕೊಂಡವರ ಕೈಯಿಂದ ನಕಲುಗಳು ಹರಡಿದವು. ಬಾರ್ಟನ್ ಹಾಲ್‌ನ ರಾತ್ರಿ ಆ ಮಟ್ಟಿಗೆ ಪ್ರಸಿದ್ಧವಾಗಲು ನುಡಿಸಿದ ಸಂಗೀತ ಎಷ್ಟು ಕಾರಣವೋ ಬೆಟ್ಟಿಯವರ ಮಿಕ್ಸೂ ಅಷ್ಟೇ ಕಾರಣ.

ಇನ್ನು ಪ್ರೇಕ್ಷಕರ ನಡುವಿನ ಟೇಪು. ಹಾಲ್‌ನ ಗಾಳಿ, ಜನರ ಕೂಗು, ಹಾಡು ಬದಲಾಗುವ ಕ್ಷಣದಲ್ಲಿ ಇಡೀ ಸಭೆ ಒಮ್ಮೆಲೇ ಗುರುತು ಹಿಡಿದು ಏಳುವ ಅಲೆ ಇವೆಲ್ಲ ಇದರಲ್ಲಿ ಮಾತ್ರ ಸಿಗುತ್ತವೆ. ಒಳ್ಳೆಯ ಎಯುಡಿಯನ್ನು ಬಡಕಲು ಎಸ್‌ಬಿಡಿಗಿಂತ ಮೇಲೆ ಇಡಬೇಕು. ಈ ಮಾತನ್ನು ಹಿಂಜರಿಯದೆ ಹೇಳಬಹುದು. ಆದರೆ ‘ಒಳ್ಳೆಯ’ ಎನ್ನುವುದು ಮೈಕು ನಿಂತ ಜಾಗದ ಮೇಲೆ ನಿಂತಿದೆ. ಸ್ಪೀಕರಿನಿಂದ ನೇರ ಬರುವ ಧ್ವನಿ ದೂರ ಹೋದಂತೆ ಕ್ಷೀಣಿಸುತ್ತದೆ. ಗೋಡೆ, ಚಾವಣಿಗಳಿಗೆ ಬಡಿದು ಬರುವ ಮಾರ್ದನಿ ಹಾಲ್ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಒಂದು ದೂರದಲ್ಲಿ ಎರಡೂ ಸಮವಾಗುತ್ತವೆ. ಅದನ್ನು ದಾಟಿ ಹಿಂದೆ ಹೋದರೆ ಮೈಕು ಹಿಡಿಯುವುದು ಸಂಗೀತಕ್ಕಿಂತ ಹೆಚ್ಚಾಗಿ ಹಾಲ್‌ನ ಮಾರ್ದನಿಯನ್ನು. ಎಷ್ಟೇ ದುಬಾರಿ ಮೈಕಾದರೂ ಇದನ್ನು ಸರಿಮಾಡಲಾರದು.

ಎಫ್‌ಒಬಿ ಎಂಬ ಸಂಕೇತಕ್ಕೆ ಇಷ್ಟು ಬೆಲೆ ಬಂದದ್ದು ಇದರಿಂದ. ಮಿಕ್ಸರಿನ ಮುಂದೆ, ಅಂದರೆ ವೇದಿಕೆಯ ಕಡೆ ಮೈಕು ನಿಲ್ಲಿಸಿದ ಟೇಪು ಎಂದು ಅದರರ್ಥ. 1984ರ ಅಕ್ಟೋಬರಿನಲ್ಲಿ ಬ್ಯಾಂಡು ಟೇಪು ಮಾಡುವವರಿಗೆಂದೇ ಪ್ರತ್ಯೇಕ ಜಾಗ, ಪ್ರತ್ಯೇಕ ಟಿಕೆಟ್ಟು ಕೊಡಲು ಶುರುಮಾಡಿತು. ಆ ಜಾಗ ಮಿಕ್ಸರಿನ ಹಿಂದೆ. ಮೈಕಿನ ಕಂಬಗಳ ಕಾಡು ಮಿಕ್ಸರಿನವರ ಕಣ್ಣಿಗೂ ಹಿಂದೆ ಕೂತವರ ಕಣ್ಣಿಗೂ ಅಡ್ಡ ಬರುತ್ತಿದ್ದುದೇ ಕಾರಣ. ರೆಕಾರ್ಡಿಂಗಿಗೆ ಮನ್ನಣೆ ಸಿಕ್ಕಿತು, ಆದರೆ ಮೈಕುಗಳು ಸ್ಪೀಕರಿನಿಂದ ದೂರ ಸರಿದವು. ಒಂದೇ ರಾತ್ರಿಯದು ಎರಡು ಎಯುಡಿ ಇದ್ದು, ಒಂದರ ಮೇಲೆ ಎಫ್‌ಒಬಿ ಎಂದಿದ್ದರೆ ಮೊದಲು ಅದನ್ನು ಕೇಳಿ.

ಮೈಕುಗಳ ಜೋಡಣೆಗೂ ಸಂಕೇತಗಳಿವೆ. ಎಕ್ಸ್‌ವೈ ಎಂದರೆ ಎರಡು ಮೈಕುಗಳ ತಲೆ ಒಂದರ ಮೇಲೊಂದು, ನಡುವೆ ಸಾಮಾನ್ಯವಾಗಿ 90 ಡಿಗ್ರಿ ಕೋನ. ಓಆರ್‌ಟಿಎಫ್ ಎಂದರೆ 17 ಸೆಂಟಿಮೀಟರ್ ಅಂತರ, 110 ಡಿಗ್ರಿ. ಮನುಷ್ಯನ ಎರಡು ಕಿವಿಗಳ ಅಂತರಕ್ಕೆ ಹತ್ತಿರ. ಡಿಐಎನ್ ಎಂದರೆ 20 ಸೆಂಟಿಮೀಟರ್, 90 ಡಿಗ್ರಿ. ಮಾರ್ದನಿ ಹೆಚ್ಚಿರುವ ಹಾಲ್‌ನಲ್ಲಿ 110 ಡಿಗ್ರಿ ತೆರೆದರೆ ಎರಡೂ ಮೈಕುಗಳು ಪಕ್ಕದ ಗೋಡೆಗಳನ್ನೇ ನೋಡುತ್ತವೆ. ಅಲ್ಲಿ ಕೋನ ಕಿರಿದುಮಾಡಿ ಸ್ಪೀಕರುಗಳ ಕಡೆಗೇ ತಿರುಗಿಸುವುದು ಜಾಣತನ. ಕಂಬ ಎರಡೂವರೆಯಿಂದ ಮೂರು ಮೀಟರ್ ಎತ್ತರ ಹೋದರೆ ಪಕ್ಕದವರ ಮಾತು ಬಹಳಷ್ಟು ತಗ್ಗುತ್ತದೆ.

ಬಾಣಗಳನ್ನು ಓದುವ ಬಗೆ

ಈಗ ವಂಶಾವಳಿಗೆ ಬರೋಣ. ಒಂದು ರೆಕಾರ್ಡಿಂಗಿನ ಜೊತೆ ಹೀಗೆ ಬರೆದಿದೆ ಎಂದುಕೊಳ್ಳಿ:

ಎಸ್‌ಬಿಡಿ > ಎಂಸಿ > ಸಿ > ಸಿ > ಡ್ಯಾಟ್ > ಸಿಡಿ > ಇಎಸಿ > ಎಸ್‌ಎಚ್‌ಎನ್ > ಫ್ಲಾಕ್

ಎಡದಿಂದ ಓದಿ. ಮಿಕ್ಸರಿನ ಧ್ವನಿ ಮಾಸ್ಟರ್ ಕ್ಯಾಸೆಟ್ಟಿಗೆ ಹೋಯಿತು, ಅದರಿಂದ ಇನ್ನೊಂದು ಕ್ಯಾಸೆಟ್ಟಿಗೆ, ಅದರಿಂದ ಮತ್ತೊಂದಕ್ಕೆ, ಅಲ್ಲಿಂದ ಡ್ಯಾಟ್ ಎಂಬ ಡಿಜಿಟಲ್ ಟೇಪಿಗೆ, ಅದರಿಂದ ಸಿಡಿಗೆ, ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ತಂತ್ರಾಂಶದಿಂದ ಸಿಡಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡರು, ಶಾರ್ಟನ್ ಎಂಬ ಹಳೆಯ ರೂಪದಲ್ಲಿ ಕುಗ್ಗಿಸಿ, ಕಡೆಗೆ ಫ್ಲಾಕ್ ಎಂಬ ಕಡತದ ರೂಪಕ್ಕೆ ತಂದರು. ಎಂಆರ್ ಎಂದು ಕಂಡರೆ ಅದು ದೊಡ್ಡ ಸುರುಳಿಯ ಮಾಸ್ಟರ್ ರೀಲು. ಕ್ಯಾಸೆಟ್ಟಿಗಿಂತ ಟೇಪು ಅಗಲ, ಓಟ ವೇಗ, ಹಾಗಾಗಿ ಹಿನ್ನೆಲೆಯ ಸುಯ್ಗುಡುವ ಸದ್ದು ಕಡಿಮೆ.

ಇಲ್ಲಿ ಎಣಿಸಬೇಕಾದದ್ದು ಡ್ಯಾಟ್‌ಗೆ ಮುಂಚಿನ ಬಾಣಗಳನ್ನು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿ ನಕಲಿನಲ್ಲೂ ಹೊಸ ಟೇಪು ತನ್ನ ಸುಯ್ ಸದ್ದನ್ನು ಹಳೆಯದರ ಮೇಲೆ ಹೊದಿಸುತ್ತದೆ. ಒಂದೇ ದರ್ಜೆಯ ಟೇಪುಗಳಾದರೆ ಮೊದಲ ನಕಲಿನಲ್ಲಿ ಆ ಸದ್ದು ಸುಮಾರು 3 ಡೆಸಿಬೆಲ್ ಏರುತ್ತದೆ, ಮೂರನೆಯದಕ್ಕೆ 6, ಏಳನೆಯದಕ್ಕೆ 9. ಮೊದಮೊದಲ ನಕಲುಗಳಲ್ಲೇ ಪೆಟ್ಟು ಜೋರು. ಐದನೆಯದರಿಂದ ಆರನೆಯದಕ್ಕೆ ಹೋದಾಗ ಸದ್ದಿನ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಅಷ್ಟರಲ್ಲಿ ಬೇರೆ ರೋಗಗಳು ಸೇರಿರುತ್ತವೆ: ಪ್ರತಿ ಕ್ಯಾಸೆಟ್ ಡೆಕ್ಕಿನ ಮೋಟಾರಿನ ನಡುಕ ಮೊದಲಿನದಕ್ಕೆ ಕೂಡಿಕೊಳ್ಳುತ್ತದೆ, ತಾರದ ಸ್ವರಗಳು ಸ್ವಲ್ಪಸ್ವಲ್ಪವೇ ಉದುರುತ್ತವೆ, ಡ್ರಮ್ಮಿನ ಜೊತೆಯ ಲೋಹದ ತಟ್ಟೆ ಸಿಂಬಲ್ಲಿನ ಹೊಳಪು ಹೋಗಿ ಕಾಗದ ಕೊಡವಿದಂತಾಗುತ್ತದೆ.

ಎಣಿಕೆಯಲ್ಲಿ ಒಂದು ಗೊಂದಲ ಇದೆ. ಕೆಲವರು ಮಾಸ್ಟರನ್ನು ಸೊನ್ನೆ ಎಂದು ಹಿಡಿದು ಅದರ ನಕಲನ್ನು ಮೊದಲ ತಲೆಮಾರು ಎನ್ನುತ್ತಾರೆ; ಕೆಲವರು ಮಾಸ್ಟರನ್ನೇ ಒಂದು ಎನ್ನುತ್ತಾರೆ. ‘ಎರಡನೇ ತಲೆಮಾರು’ ಎಂಬ ಮಾತನ್ನು ನೆಚ್ಚಿಕೊಳ್ಳದೆ ಬಾಣಗಳನ್ನೇ ಎಣಿಸಿ. ಬಾಣಗಳ ಸಾಲಿನಲ್ಲಿ ‘ಸಿ > ? > ಡ್ಯಾಟ್’ ಎಂದು ಪ್ರಶ್ನೆ ಚಿಹ್ನೆ ಇದ್ದರೆ ಬರೆದವರು ಪ್ರಾಮಾಣಿಕರು ಎಂದೇ ಲೆಕ್ಕ. ಹಳೆಯ ಟೇಪಿಗೆ ‘ಮಾಸ್ಟರ್ > ಫ್ಲಾಕ್’ ಎಂದಷ್ಟೇ ಇದ್ದು, ಯಾವ ಡೆಕ್ಕು, ಯಾರು ಡಿಜಿಟಲ್ ಮಾಡಿದ್ದು ಎಂಬ ವಿವರವೇ ಇಲ್ಲದಿದ್ದರೆ ಅನುಮಾನಪಡಿ.

ತಲೆಮಾರಿಗಿಂತ ದೊಡ್ಡ ಕೇಡು ಮಾಡುವುದು ಡಾಲ್ಬಿ. ಡಾಲ್ಬಿ ಬಿ ಎಂಬ ಪದ್ಧತಿ ರೆಕಾರ್ಡ್ ಮಾಡುವಾಗ ಮೆಲುವಾದ ತಾರಸ್ವರಗಳನ್ನು 10 ಡೆಸಿಬೆಲ್ಲಿನವರೆಗೆ ಎತ್ತುತ್ತದೆ, ಕೇಳಿಸುವಾಗ ಅಷ್ಟೇ ಇಳಿಸುತ್ತದೆ. ಇಳಿಸುವಾಗ ಟೇಪಿನ ಸುಯ್ ಸದ್ದೂ ಜೊತೆಗೆ ಇಳಿಯುತ್ತದೆ. ಎತ್ತಿದ್ದನ್ನು ಇಳಿಸದೆ ಕೇಳಿದರೆ ಧ್ವನಿ ಕಿವಿ ಚುಚ್ಚುವಷ್ಟು ಹರಿತ. ಎತ್ತದೇ ಇದ್ದುದನ್ನು ಇಳಿಸಿದರೆ ಕಂಬಳಿ ಹೊದ್ದು ನುಡಿಸಿದಂತೆ ಮಂಕು. ನಾಲ್ಕು ಕೈ ದಾಟಿದ ಕ್ಯಾಸೆಟ್ಟಿನಲ್ಲಿ ಒಬ್ಬರು ಗುಂಡಿ ಒತ್ತಿ, ಇನ್ನೊಬ್ಬರು ಒತ್ತದೆ, ಮತ್ತೊಬ್ಬರ ಡೆಕ್ಕಿನ ಮಟ್ಟವೇ ಬೇರೆಯಿದ್ದು, ಕಡೆಗೆ ಸಿಂಬಲ್ಲು ಉಸಿರಾಡಿದಂತೆ ಏರಿಳಿಯುತ್ತದೆ. ಆಮೇಲೆ ಈಕ್ವಲೈಸರಿನಿಂದ ಸರಿಪಡಿಸಲು ಆಗುವುದಿಲ್ಲ. ಈಕ್ವಲೈಸರು ಎಲ್ಲ ಕಾಲಕ್ಕೂ ಒಂದೇ ಪ್ರಮಾಣದಲ್ಲಿ ಎತ್ತುತ್ತದೆ. ಡಾಲ್ಬಿ ಎತ್ತಿದ್ದು ಕ್ಷಣಕ್ಷಣದ ಜೋರಿಗೆ ತಕ್ಕಂತೆ.

ಹೆಡ್ಡಿನ ಓರೆ ಇನ್ನೊಂದು. ಡೆಕ್ಕಿನಲ್ಲಿ ಟೇಪಿಗೆ ತಾಗಿ ಧ್ವನಿ ಬರೆಯುವ, ಓದುವ ಹೆಡ್ಡಿನ ಸಣ್ಣ ಸೀಳು ಟೇಪಿನ ಓಟಕ್ಕೆ ಸರಿಯಾಗಿ 90 ಡಿಗ್ರಿಯಲ್ಲಿರಬೇಕು. ರೆಕಾರ್ಡ್ ಮಾಡಿದ ಡೆಕ್ಕಿನದೂ ಕೇಳಿಸುವ ಡೆಕ್ಕಿನದೂ ಹೊಂದದಿದ್ದರೆ ತಾರಸ್ವರ ಮಾಯ. ಹಳೆಯ ಕ್ಯಾಸೆಟ್ಟನ್ನು ಡಿಜಿಟಲ್ ಮಾಡುವಾಗ ಎಡಬಲ ಚಾನೆಲ್ಲುಗಳನ್ನು ಕೂಡಿಸಿ ಮೋನೊದಲ್ಲಿ ಕೇಳುತ್ತಾ, ಹೆಡ್ಡಿನ ಪಕ್ಕದ ಸ್ಕ್ರೂವನ್ನು ಕಾಲು ಸುತ್ತಿಗಿಂತಲೂ ಕಡಿಮೆ ಅತ್ತಿತ್ತ ತಿರುಗಿಸಿ, ಹೊಳಪು ಅತಿ ಹೆಚ್ಚಾಗುವ ಕಡೆ ನಿಲ್ಲಿಸಬೇಕು. ಇದನ್ನು ಪ್ರತಿ ಕ್ಯಾಸೆಟ್ಟಿಗೂ, ಎರಡು ಬದಿಗೂ ಬೇರೆಬೇರೆಯಾಗಿ ಮಾಡಬೇಕು. ಈ ಐದು ನಿಮಿಷದ ಕೆಲಸ ಬಿಟ್ಟದ್ದರಿಂದಲೇ ಎಷ್ಟೋ ಒಳ್ಳೆಯ ಟೇಪುಗಳು ಮಂಕಾಗಿ ಡಿಜಿಟಲ್ ಲೋಕ ಸೇರಿವೆ. ನೋವಿನ ಸಂಗತಿ ಇದು.

ವೇಗ

‘ಇದು ಓಡುತ್ತಿದೆ’ ಎಂದು ಅಭಿಮಾನಿಗಳು ದೂರಿದರೆ ಬ್ಯಾಂಡು ಅವಸರದಲ್ಲಿತ್ತು ಎಂದಲ್ಲ, ಟೇಪಿನ ವೇಗ ತಪ್ಪಿದೆ ಎಂದು. ಬ್ಯಾಟರಿಯಿಂದ ನಡೆಯುವ ರೆಕಾರ್ಡರಿನಲ್ಲಿ ಬ್ಯಾಟರಿ ಸೋಲುತ್ತಾ ಬಂದರೆ ಮೋಟಾರು ನಿಧಾನವಾಗುತ್ತದೆ. ನಿಧಾನವಾಗಿ ಬರೆದದ್ದನ್ನು ಸರಿಯಾದ ವೇಗದಲ್ಲಿ ಕೇಳಿದಾಗ ಶ್ರುತಿ ಮೇಲೇರುತ್ತದೆ. ಒಂದು ಬದಿಯ ಶುರುವಿನಲ್ಲಿ ಸರಿಯಿದ್ದ ಶ್ರುತಿ ಕೊನೆಗೆ ಬರುವಷ್ಟರಲ್ಲಿ ಏರಿದ್ದರೆ ಬ್ಯಾಟರಿಯೇ ಕಾರಣ ಎನ್ನಬಹುದು. ವೇಗ ಸುಮಾರು 6 ಶೇಕಡಾ ಏರಿದರೆ ಶ್ರುತಿ ಅರ್ಧ ಸ್ವರ ಮೇಲೆ ಹೋಗುತ್ತದೆ; 2 ಶೇಕಡಾ ಏರಿದರೆ ಅದರ ಮೂರನೇ ಒಂದು ಭಾಗ. ಜೊತೆಗೆ ಗಿಟಾರು ಹಿಡಿದು ನುಡಿಸಿ ನೋಡಿದರೆ ತಕ್ಷಣ ಸಿಕ್ಕಿಬೀಳುತ್ತದೆ.

ಅಳೆಯುವ ಉಪಾಯ ಅಂದವಾಗಿದೆ. ಅಮೆರಿಕದಲ್ಲಿ ವಿದ್ಯುತ್ತು 60 ಹರ್ಟ್ಸ್. ಆಂಪ್ಲಿಫೈಯರುಗಳ ಗುಂಯ್‌ಗುಟ್ಟುವಿಕೆ ಟೇಪಿಗೆ ಇಳಿದಿರುತ್ತದೆ. ಹಾಡುಗಳ ನಡುವಿನ ಮೌನದ ಹತ್ತಿಪ್ಪತ್ತು ಸೆಕೆಂಡನ್ನು ಆರಿಸಿ, ಆವರ್ತನ ತೋರಿಸುವ ತಂತ್ರಾಂಶದಲ್ಲಿ ನೋಡಿದರೆ 60ರ ಹತ್ತಿರ, 120ರ ಹತ್ತಿರ ಗೆರೆ ಕಾಣುತ್ತದೆ. ಅದು 61.2ರಲ್ಲಿದ್ದರೆ ಟೇಪು 2 ಶೇಕಡಾ ವೇಗ, 60ನ್ನು 61.2ರಿಂದ ಭಾಗಿಸಿದರೆ ಬರುವ 0.980ಕ್ಕೆ ವೇಗ ಇಳಿಸಬೇಕು. ಎಚ್ಚರ ಬೇಕಾದದ್ದು ಇಲ್ಲಿ: ನಕಲು ಮಾಡಿದ ಡೆಕ್ಕುಗಳೂ ತಮ್ಮ ಗುಂಯ್‌ಕಾರ ಸೇರಿಸಿರುತ್ತವೆ, ಹಾಗಾಗಿ ಎರಡು ಮೂರು ಗೆರೆ ಒತ್ತೊತ್ತಾಗಿ ಕಾಣಬಹುದು. ಆಗ ವಾದ್ಯದ ಶ್ರುತಿಯನ್ನೇ ಸಾಕ್ಷಿಯಾಗಿ ಹಿಡಿಯಬೇಕು. 1979ರಿಂದ 1990ರವರೆಗಿನ ಟೇಪುಗಳಲ್ಲಿ ಬ್ರೆಂಟ್ ಮಿಡ್‌ಲ್ಯಾಂಡ್ ನುಡಿಸುತ್ತಿದ್ದ ಹ್ಯಾಮಂಡ್ ಆರ್ಗನ್ ಇದಕ್ಕೆ ಬಹಳ ಒಳ್ಳೆಯದು. ಆ ಆರ್ಗನ್ನಿನ ಸ್ವರಚಕ್ರಗಳನ್ನು ತಿರುಗಿಸುವ ಮೋಟಾರು ವಿದ್ಯುತ್ತಿನ ಆವರ್ತನಕ್ಕೇ ಕಟ್ಟುಬಿದ್ದದ್ದು. ಅದರ ಶ್ರುತಿ ಗಿಟಾರಿನಂತೆ ಜಾರುವುದಿಲ್ಲ.

ವೇಗ ತಿದ್ದುವಾಗ ಶ್ರುತಿ, ಕಾಲ ಎರಡೂ ಒಟ್ಟಿಗೆ ಬದಲಾಗುವ ವಿಧಾನವನ್ನೇ ಬಳಸಬೇಕು. ಶ್ರುತಿಯನ್ನು ಮಾತ್ರ ಬದಲಿಸುವ ಸೌಲಭ್ಯವನ್ನು ಒತ್ತಿದರೆ ಡ್ರಮ್ಮಿನ ಏಟುಗಳು ಮಸುಕಾಗುತ್ತವೆ, ತಾಳದ ವೇಗ ತಪ್ಪಾಗಿಯೇ ಉಳಿಯುತ್ತದೆ.

ಡಿಜಿಟಲ್ ಆದಮೇಲೂ ಕೆಡುತ್ತದೆ

ಡ್ಯಾಟ್ ಬಂದದ್ದು 1987ರಲ್ಲಿ. ಡಿಜಿಟಲ್ ನಕಲಿನಲ್ಲಿ ಸುಯ್ ಸದ್ದು ಕೂಡುವುದಿಲ್ಲ, ಹಾಗಾಗಿ ತಲೆಮಾರಿನ ಲೆಕ್ಕ ಮುಗಿಯಿತು ಎಂದು ಅನೇಕರು ಭಾವಿಸಿದರು. ಮುಗಿಯಲಿಲ್ಲ, ರೂಪ ಬದಲಾಯಿತು. ಡ್ಯಾಟ್‌ನ ಸಾಮಾನ್ಯ ದರ ಸೆಕೆಂಡಿಗೆ ಧ್ವನಿಯ 48,000 ಮಾದರಿ (ಅಳತೆ), ಸಿಡಿಯದು 44,100. ದರ ಬದಲಿಸುವ ಹಂತ ಒಂದು ನುಸುಳುತ್ತದೆ, ಅದನ್ನು ಕಳಪೆಯಾಗಿ ಮಾಡಿದ ಪ್ರತಿಗಳಿವೆ. ಆಮೇಲೆ ಸಿಡಿಗಳ ಕಾಲ. ಸಿಡಿ ಬರೆಯುವಾಗ ಇಡೀ ಡಿಸ್ಕನ್ನು ಒಂದೇ ಉಸಿರಿಗೆ ಬರೆಯದೆ ಹಾಡುಹಾಡಾಗಿ ಬರೆಯುವ ವಿಧಾನ ಆರಿಸಿದವರು ಪ್ರತಿ ಹಾಡಿನ ನಡುವೆ ಎರಡು ಸೆಕೆಂಡಿನ ಮೌನ ತುರುಕಿದರು. ಒಂದು ಹಾಡಿನಿಂದ ಇನ್ನೊಂದಕ್ಕೆ ನಿಲ್ಲದೆ ಹರಿಯುವುದೇ ಈ ಬ್ಯಾಂಡಿನ ಜೀವಾಳ. ಹಾಡುಪಟ್ಟಿಯಲ್ಲಿ ಎರಡು ಹಾಡುಗಳ ನಡುವೆ ಅಲ್ಪವಿರಾಮದ ಬದಲು > ಗುರುತು ಹಾಕುವುದು ಇದನ್ನು ತೋರಿಸಲಿಕ್ಕೇ. ಅಂಥ ಕಡೆ ಎರಡು ಸೆಕೆಂಡು ಕತ್ತಲೆ ಬಿದ್ದರೆ ಕೇಳುವವರಿಗೆ ಮೆಟ್ಟಿಲು ತಪ್ಪಿದಂತಾಗುತ್ತದೆ.

ಇದಕ್ಕಿಂತ ಸಣ್ಣದು, ಆದರೆ ಎಲ್ಲೆಲ್ಲೂ ಇರುವುದು ಎಸ್‌ಬಿಇ. ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 75 ತುಂಡುಗಳಾಗಿ ಇಡುತ್ತಾರೆ. ಒಂದು ತುಂಡಿಗೆ 588 ಮಾದರಿ. ಹಾಡುಗಳನ್ನು ಕತ್ತರಿಸುವಾಗ ತುಂಡಿನ ಅಂಚಿಗೆ ಸರಿಯಾಗಿ ಕತ್ತರಿಸದಿದ್ದರೆ ಉಳಿದ ಜಾಗಕ್ಕೆ ಸೊನ್ನೆಗಳು ತುಂಬಿಕೊಂಡು, ಹಾಡು ಬದಲಾಗುವಲ್ಲಿ ‘ಟಿಕ್’ ಎನ್ನುತ್ತದೆ. ಎಸ್‌ಎಚ್‌ಎನ್‌ಟೂಲ್ ಎಂಬ ಪುಟ್ಟ ತಂತ್ರಾಂಶ ಇದನ್ನು ಹುಡುಕಿ ಸರಿಪಡಿಸಿಕೊಡುತ್ತದೆ.

ಎಂಪಿ3 ಮೇಲೆ ಹಳಬರಿಗೆ ಸಿಟ್ಟು ಯಾಕೆಂದರೆ, ಅದು ಕಿವಿಗೆ ಕೇಳದು ಎಂದು ಅಂದಾಜಿಸಿದ ಮಾಹಿತಿಯನ್ನು ಎಸೆದುಬಿಡುತ್ತದೆ, ಎಸೆದದ್ದು ಮರಳಿ ಬರುವುದಿಲ್ಲ. ಫ್ಲಾಕ್ ಹಾಗಲ್ಲ, ಬಿಚ್ಚಿದಾಗ ಒಂದು ಬಿಟ್ಟೂ ವ್ಯತ್ಯಾಸವಿಲ್ಲದೆ ಮೂಲವೇ ಸಿಗುತ್ತದೆ. ಯಾರೋ ಎಂಪಿ3ಯನ್ನು ಫ್ಲಾಕ್ ಮಾಡಿ ಹಂಚಿದರೆ ಕಡತ ದೊಡ್ಡದಾಗುತ್ತದೆಯೇ ಹೊರತು ಧ್ವನಿ ಹಿಂದಿರುಗುವುದಿಲ್ಲ. ಪತ್ತೆಹಚ್ಚಲು ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ತೆರೆದು ನೋಡುತ್ತಾರೆ: 128 ಕೆಬಿಪಿಎಸ್ ಎಂಪಿ3ಯಲ್ಲಿ ಸುಮಾರು 16 ಕಿಲೋಹರ್ಟ್ಸ್ ಮೇಲೆ ಎಲ್ಲವೂ ಚಾಕುವಿನಿಂದ ಕತ್ತರಿಸಿದಂತೆ ಖಾಲಿ.

ಇಷ್ಟಕ್ಕೇ ತೀರ್ಪು ಕೊಡುವುದು ತಪ್ಪು. ಎಫ್‌ಎಂ ರೇಡಿಯೊ ಪ್ರಸಾರದಲ್ಲಿ ಧ್ವನಿ 15 ಕಿಲೋಹರ್ಟ್ಸ್‌ಗೇ ನಿಲ್ಲುತ್ತದೆ, ಏಕೆಂದರೆ ಸ್ಟೀರಿಯೊ ತಿಳಿಸುವ ಸಂಕೇತ 19ರಲ್ಲಿ ಕೂತಿರುತ್ತದೆ. ಹಲವು ಕೈ ದಾಟಿದ ಕ್ಯಾಸೆಟ್ಟಿನಲ್ಲೂ 15ರ ಮೇಲೆ ಉಳಿದಿರುವುದು ಅಲ್ಪ. ನೋಡಬೇಕಾದದ್ದು ಅಂಚಿನ ಬಗೆಯನ್ನು. ಕ್ಯಾಸೆಟ್ಟಿನದು ಇಳಿಜಾರಿನಂತೆ ನಿಧಾನಕ್ಕೆ ಮಾಸುತ್ತದೆ, ಟೇಪಿನ ಸುಯ್ ಸದ್ದು ಮೇಲಿನವರೆಗೂ ತೆಳ್ಳಗೆ ಹಬ್ಬಿರುತ್ತದೆ. ಎಂಪಿ3ಯದು ನೇರ ಗೆರೆ, ಅದರ ಕೆಳಗೆ ಅಲ್ಲಲ್ಲಿ ಚೌಕಾಕಾರದ ತೂತುಗಳು. ಇನ್ನು 15,734 ಹರ್ಟ್ಸ್‌ನಲ್ಲಿ ಕೂದಲೆಳೆಯಂಥ ನೇರ ಗೆರೆ ಕಂಡರೆ ಗಾಬರಿ ಬೇಡ. ಅದು ಹತ್ತಿರದಲ್ಲಿದ್ದ ಹಳೆಯ ಟಿವಿ ಪರದೆಯ ಸದ್ದು.

ಕಡತ ಕೆಟ್ಟಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಎಂಡಿ5 ಎಂಬ ಬೆರಳಚ್ಚು ಬಳಸುತ್ತಾರೆ. ಇದರಲ್ಲಿ ಎರಡು ಬಗೆ ಇದ್ದು, ಬೆರೆಸಿಕೊಂಡು ಗೋಳಾಡುವವರು ಬಹಳ. ಇಡೀ ಕಡತದ ಎಂಡಿ5 ಹಾಡಿನ ಹೆಸರು ತಿದ್ದಿದರೂ ಬದಲಾಗುತ್ತದೆ. ಎಫ್‌ಎಫ್‌ಪಿ ಎಂಬುದು ಒಳಗಿನ ಧ್ವನಿಯದು ಮಾತ್ರ; ಹೆಸರು ತಿದ್ದಿದರೂ ಅದು ಹಾಗೇ ಇರುತ್ತದೆ. ಎರಡು ಪ್ರತಿ ಒಂದೇನಾ ಎಂದು ನೋಡಲು ಎಫ್‌ಎಫ್‌ಪಿಯನ್ನೇ ಹೋಲಿಸಿ.

ಎರಡನ್ನೂ ಬೆರೆಸಿದರೆ

ಎಸ್‌ಬಿಡಿಯ ಸ್ಪಷ್ಟತೆಯೂ ಎಯುಡಿಯ ಗಾಳಿಯೂ ಬೇಕೆನ್ನುವವರು ಎರಡನ್ನೂ ಬೆರೆಸಿ ‘ಮೇಟ್ರಿಕ್ಸ್’ ಮಾಡುತ್ತಾರೆ. ಸರಿಯಾಗಿ ಬಂದರೆ ಇದಕ್ಕಿಂತ ಚಂದದ್ದು ಇನ್ನೊಂದಿಲ್ಲ. ಕೆಟ್ಟರೆ ಎರಡರ ಒಳ್ಳೆಯ ಗುಣವೂ ಹೋಗುತ್ತದೆ.

ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಮೈಕು ಸ್ಪೀಕರಿನಿಂದ 30 ಮೀಟರ್ ದೂರವಿದ್ದರೆ ಎಯುಡಿ ಎಸ್‌ಬಿಡಿಗಿಂತ 87 ಮಿಲಿಸೆಕೆಂಡು ಹಿಂದೆ. ಹಾಗೇ ಬೆರೆಸಿದರೆ ಡ್ರಮ್ಮು ಎರಡೆರಡು ಸಲ ಕೇಳುತ್ತದೆ. ಕೆಲವೇ ಮಿಲಿಸೆಕೆಂಡಿನ ತಪ್ಪು ಉಳಿದರೆ ಇನ್ನೂ ಮೋಸ: ಪ್ರತಿಧ್ವನಿ ಕೇಳುವುದಿಲ್ಲ, ಬದಲಿಗೆ ಕೆಲವು ಆವರ್ತನಗಳು ಒಂದನ್ನೊಂದು ಅಳಿಸಿಕೊಂಡು ಧ್ವನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಹೊಂದಿಸಲು ಸ್ನೇರ್ ಡ್ರಮ್ಮಿನ ಒಂಟಿ ಏಟೊಂದನ್ನು ಹಿಡಿದು ಎರಡರ ಅಲೆಯ ಮೊದಲ ಏರನ್ನು ಎದುರುಬದುರು ತನ್ನಿ. ಕಛೇರಿಯ ಕೊನೆಯಲ್ಲಿ ಇನ್ನೊಂದು ಏಟು ಹುಡುಕಿ ಅಲ್ಲೆಷ್ಟು ಜಾರಿದೆ ನೋಡಿ. ಎರಡು ಡಿಜಿಟಲ್ ರೆಕಾರ್ಡರುಗಳ ಗಡಿಯಾರಗಳಲ್ಲಿ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಇದ್ದರೂ 90 ನಿಮಿಷಕ್ಕೆ 108 ಮಿಲಿಸೆಕೆಂಡು ಜಾರುತ್ತದೆ. ಈ ಜಾರಿಕೆ ಒಂದೇ ಸಮನಾದದ್ದು, ಒಂದು ಪ್ರತಿಯನ್ನು ಅಷ್ಟೇ ಪ್ರಮಾಣದಲ್ಲಿ ಹಿಗ್ಗಿಸಿದರೆ ತೀರಿತು. ಕ್ಯಾಸೆಟ್ಟಾದರೆ ಹಾಗಲ್ಲ, ಅದರ ವೇಗ ಅಲೆಯುತ್ತಿರುತ್ತದೆ, ಹಾಡಿಗೊಮ್ಮೆ, ಕೆಲವೊಮ್ಮೆ ನಿಮಿಷಕ್ಕೊಮ್ಮೆ ಹೊಂದಿಸಬೇಕು. ಪ್ರಮಾಣದಲ್ಲಿ ಎಸ್‌ಬಿಡಿಯನ್ನು ಮೂರನೇ ಎರಡು ಭಾಗದಿಂದ ಶುರುಮಾಡಿ ಕಿವಿ ಹೇಳಿದಂತೆ ಬದಲಿಸಿ.

ಬೆರೆಸದೆ ತೇಪೆ ಹಾಕುವುದೂ ಉಂಟು. 90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ. ಕಛೇರಿಯ ಎರಡನೇ ಭಾಗದ ನಡುವೆ ಬದಿ ತಿರುಗಿಸಲೇಬೇಕು, ಅಷ್ಟರಲ್ಲಿ ಹಾಡಿನ ಒಂದು ತುಣುಕು ಹೋಗಿರುತ್ತದೆ. ಆ ತುಣುಕನ್ನು ಬೇರೆಯವರ ಟೇಪಿನಿಂದ ತುಂಬುತ್ತಾರೆ. ಎಲ್ಲಿಂದ ಎಲ್ಲಿಯವರೆಗೆ ತೇಪೆ ಎಂದು ನಿಮಿಷ ಸೆಕೆಂಡು ಸಹಿತ ಬರೆಯುವುದು ಇಲ್ಲಿನ ಶಿಸ್ತು. ಈ ಕತ್ತರಿಸಿದ ಜಾಗಗಳಿಂದ ಇನ್ನೊಂದು ಉಪಯೋಗವೂ ಇದೆ: ತಾರೀಖು ತಪ್ಪಾಗಿ ಬರೆದ ಟೇಪು ಸಿಕ್ಕಿದರೆ, ಕತ್ತರಿ ಬಿದ್ದ ಜಾಗ, ಮರೆತ ಸಾಲು, ಹಾಡುಗಳ ನಡುವಿನ ಮಾತು ಇವನ್ನು ಗೊತ್ತಿರುವ ಟೇಪುಗಳ ಜೊತೆ ಹೋಲಿಸಿ ನಿಜವಾದ ರಾತ್ರಿಯನ್ನು ಹಿಡಿಯಬಹುದು.

ಹಂಚಿಕೆಯ ಕಟ್ಟಳೆ

ದುಡ್ಡಿಗೆ ಮಾರಬಾರದು ಎಂಬುದು ಮೊದಲಿನಿಂದ ಬಂದ ನಿಯಮ. ಕ್ಯಾಸೆಟ್ಟಿನ ಕಾಲದಲ್ಲಿ ಹೊಸಬರು ಖಾಲಿ ಟೇಪನ್ನೂ ಅಂಚೆ ಖರ್ಚನ್ನೂ ಕಳಿಸಿದರೆ ಹಳಬರು ತುಂಬಿಸಿ ಕಳಿಸುತ್ತಿದ್ದರು. ಅಧಿಕೃತವಾಗಿ ಬಿಡುಗಡೆಯಾದ ರಾತ್ರಿಗಳನ್ನು ಹಂಚಬಾರದು ಎಂಬುದು ಇನ್ನೊಂದು. 2005ರ ನವೆಂಬರಿನಲ್ಲಿ ಇಂಟರ್ನೆಟ್ ಆರ್ಕೈವ್‌ನಿಂದ ಈ ಬ್ಯಾಂಡಿನ ರೆಕಾರ್ಡಿಂಗುಗಳನ್ನು ಇಳಿಸಿಕೊಳ್ಳುವ ಅವಕಾಶ ಹಠಾತ್ತನೆ ನಿಂತಾಗ ಅಭಿಮಾನಿಗಳು ದೊಡ್ಡ ಗದ್ದಲವೆಬ್ಬಿಸಿದರು. ಕಡೆಗೆ ಎಯುಡಿಗಳನ್ನು ಇಳಿಸಿಕೊಳ್ಳಬಹುದು, ಎಸ್‌ಬಿಡಿಗಳನ್ನು ಅಲ್ಲೇ ಕೇಳಬಹುದು ಎಂಬ ಏರ್ಪಾಡಾಯಿತು. ಒಂದೇ ರಾತ್ರಿಯ ಎರಡು ಬಗೆಯ ಟೇಪಿಗೆ ಎರಡು ಬಗೆಯ ನಿಯಮ ಯಾಕೆ ಎಂದು ಹೊಸಬರು ಕೇಳುವುದುಂಟು. ಎಸ್‌ಬಿಡಿ ಬ್ಯಾಂಡಿನ ಮಿಕ್ಸರಿನದು, ನಾಳೆ ಅವರೇ ಬಿಡುಗಡೆ ಮಾಡಬಹುದಾದದ್ದು. ಎಯುಡಿ ಅನುಮತಿ ಪಡೆದು ಅಭಿಮಾನಿಗಳೇ ಹಿಡಿದದ್ದು.

ಅನುಮತಿ ಕೊಡುವ ಬೇರೆ ಬ್ಯಾಂಡುಗಳ ಕಛೇರಿಯನ್ನು ಈಗ ನೀವೇ ರೆಕಾರ್ಡ್ ಮಾಡುವುದಾದರೆ 24 ಬಿಟ್ ಇಟ್ಟುಕೊಳ್ಳಿ, ಅತಿ ಜೋರಾದ ಏಟು ಗರಿಷ್ಠಕ್ಕಿಂತ 6ರಿಂದ 12 ಡೆಸಿಬೆಲ್ ಕೆಳಗೇ ಇರಲಿ. ಆಮೇಲೆ ಎತ್ತಬಹುದು, ಗರಿಷ್ಠ ಮುಟ್ಟಿ ಚಪ್ಪಟೆಯಾದ ಅಲೆ ಮತ್ತೆ ನೆಟ್ಟಗಾಗದು. 96 ಕಿಲೋಹರ್ಟ್ಸ್ ಸ್ಟೀರಿಯೊದಲ್ಲಿ ವೇವ್ ಕಡತದ 4 ಜಿಬಿ ಮಿತಿ ಎರಡು ಗಂಟೆ ನಾಲ್ಕು ನಿಮಿಷಕ್ಕೆ ಮುಟ್ಟುತ್ತದೆ. ರೆಕಾರ್ಡರು ಅಲ್ಲಿ ತಾನಾಗಿ ಹೊಸ ಕಡತ ತೆರೆಯುತ್ತದೋ ನಿಂತುಬಿಡುತ್ತದೋ ಎಂದು ಮನೆಯಲ್ಲೇ ಒಮ್ಮೆ ಪರೀಕ್ಷಿಸಿ.

ಕಡೆಗೆ ಎಲ್ಲದರ ಜೊತೆ ಒಂದು ಸಾದಾ ಪಠ್ಯ ಕಡತ ಇಡಿ: ತಾರೀಖು, ಊರು, ಹಾಲ್, ಮೈಕು, ಅವುಗಳ ಜೋಡಣೆ, ನಿಂತ ಜಾಗ, ರೆಕಾರ್ಡರು, ಆಮೇಲೆ ಮಾಡಿದ ಪ್ರತಿ ಬದಲಾವಣೆ, ಹಾಡುಪಟ್ಟಿ, ಎಫ್‌ಎಫ್‌ಪಿ. ಬೇರೆಯವರ ಟೇಪನ್ನು ತಿದ್ದಿ ಹಂಚುತ್ತಿದ್ದರೆ ಅವರು ಬರೆದದ್ದನ್ನು ಅಳಿಸಬೇಡಿ, ತಿದ್ದಲೂ ಬೇಡಿ. ಅದರ ಕೆಳಗೆ ನಿಮ್ಮ ಬಾಣ ಎಳೆದು, ನೀವು ಮಾಡಿದ್ದನ್ನು ಬರೆಯಿರಿ.